ತಿಳಿಸಬೇಡಿ ಎಂದು ಗುರುತು ಹಾಕಿದವನು

ಫಿನ್ಲೇ ಡಫ್ ಹುಟ್ಟಿದ್ದು ಗೇರ್‌ಲಾಕ್‌ಹೆಡ್ ಎಂಬ ಊರಿನಲ್ಲಿ, ಸಮುದ್ರದ ನೀರು ಗುಡ್ಡಗಳ ನಡುವೆ ಉದ್ದಕ್ಕೆ ನುಗ್ಗಿ ನಿಂತ ಕಡೆಯ ತುದಿಯಲ್ಲಿ. ಅಮ್ಮನ ಅಡುಗೆಮನೆಯ ಕಿಟಕಿಯಿಂದಲೇ ಜಲಾಂತರ್ಗಾಮಿಗಳು ಹೊರಡುವುದು ಕಾಣುತ್ತಿತ್ತು. ಅಪ್ಪ ಕ್ಲೈಡ್ ನದಿಯ ಹಡಗುಕಟ್ಟೆಯಲ್ಲಿ ಬೆಸುಗೆ ಕೆಲಸದವನು. ಫಿನ್ಲೇಗೆ ಹನ್ನೊಂದು ತುಂಬುವ ಮೊದಲೇ ತೀರಿಕೊಂಡ. ಅಮ್ಮ ಎಫಿ ಶಾಲೆಯ ಊಟದ ಮನೆಯಲ್ಲಿ ಬಡಿಸುತ್ತ ಇಬ್ಬರು ಗಂಡುಮಕ್ಕಳನ್ನು ದೊಡ್ಡವರು ಮಾಡಿದಳು. ಹಿರಿಯವನು ಹದಿನೇಳಕ್ಕೆ ನೌಕಾಪಡೆ ಸೇರಿ ನೀರಿನಡಿಗೆ ಹೋದ. ಕಿರಿಯವನು ಸ್ಯಾಂಡಿ ಅದೇ ಊರಿನ ಅಂಚೆಯವನಾಗಿ, ಅಮ್ಮನ ಮನೆಯಿಂದ ಮೂರು ಬಾಗಿಲು ಆಚೆ ಉಳಿದ. ಮದುವೆಯಾಗಲಿಲ್ಲ. "ಅಣ್ಣ ನೀರೊಳಗೇ ಇರ್ತಾನೆ, ಆದ್ರೂ ಒಣಗಿರ್ತಾನೆ. ನೆನೆಯೋದೆಲ್ಲ ನನ್ನ ಪಾಲಿಗೆ," ಎನ್ನುವುದು ಅವನ ಹಳೆಯ ತಮಾಷೆ. ಆ ಕಡೆಯ ಮಳೆಯಲ್ಲಿ ಇಪ್ಪತ್ತು ವರ್ಷ ಕಾಗದ ಹಂಚಿದವನಿಗೆ ಹಾಗೆ ಹೇಳುವ ಹಕ್ಕಿತ್ತು.

ನಲವತ್ತಾರರ ಫಿನ್ಲೇ ಈಗ ದೋಣಿಯ ಕಾಕ್ಸನ್. ಹೊಟ್ಟೆಯಲ್ಲಿ ಅಣು ಒಲೆಯನ್ನೂ ಸಾಲು ಕ್ಷಿಪಣಿಗಳನ್ನೂ ಇಟ್ಟುಕೊಂಡ, ನೂರೈವತ್ತು ಮೀಟರ್ ಉದ್ದದ ಅದನ್ನು ಅಲ್ಲಿಯವರು ದೋಣಿ ಎಂದೇ ಕರೆಯುವುದು. ಹಡಗು ಎಂದವನು ಹೊಸಬ ಎಂದು ಲೆಕ್ಕ. ಕ್ಯಾಪ್ಟನ್ ಅದರ ಯಜಮಾನನಾದರೆ ಕಾಕ್ಸನ್ ಮನೆಯ ಹಿರಿಯಣ್ಣ. ಯಾರ ಪಾಳಿ ಯಾವಾಗ, ಯಾರ ಹಾಸಿಗೆ ಯಾವುದು, ಬಟ್ಟೆ ಒಗೆಯುವ ಯಂತ್ರ ಇವತ್ತು ಯಾರಿಗೆ, ಯಾರು ಯಾರ ಮೇಲೆ ಮುನಿಸಿಕೊಂಡು ಮಾತು ಬಿಟ್ಟಿದ್ದಾರೆ, ಎಲ್ಲವೂ ಅವನ ತಲೆಗೇ. ನೂರಮೂವತ್ತು ಜನ ಹದಿನಾಲ್ಕು ವಾರ ಸೂರ್ಯನ ಮುಖ ನೋಡದೆ, ಒಬ್ಬರ ಉಸಿರು ಒಬ್ಬರಿಗೆ ತಾಗುವಷ್ಟು ಹತ್ತಿರ ಬದುಕಬೇಕು. ದಿನ ಗೊತ್ತಾಗುವುದು ತಟ್ಟೆಯಿಂದ. ಮಸಾಲೆಯ ಕರಿ ಬಂದರೆ ಬುಧವಾರ, ಮೀನು ಬಂದರೆ ಶುಕ್ರವಾರ. ಒಮ್ಮೆ ಅಡುಗೆಯ ಪ್ರಾಸರ್ ಮರೆತು ಗುರುವಾರ ಮೀನು ಕರಿದಾಗ ದೋಣಿಯೆಲ್ಲ ಅರ್ಧ ದಿನ ಗಲಿಬಿಲಿಗೊಂಡಿತ್ತು.

ಹೊರಡುವ ವಾರ ಪ್ರತಿಯೊಬ್ಬರೂ ಒಂದು ಕಾಗದ ತುಂಬಿಕೊಡಬೇಕು. ಮನೆಯಲ್ಲಿ ಸಾವೋ ಅಂಥದ್ದೇ ಕೆಟ್ಟದ್ದೋ ಆದರೆ ನೀರಿನಡಿಯಲ್ಲಿರುವಾಗಲೇ ತಿಳಿಸಬೇಕೆ, ಮರಳುವಾಗ ತಿಳಿಸಬೇಕೆ? ಎರಡು ಚೌಕ, ಒಂದಕ್ಕೆ ಗುರುತು. ದೋಣಿ ಒಮ್ಮೆ ಮುಳುಗಿತೆಂದರೆ ತಾನೆಲ್ಲಿದ್ದೇನೆಂದು ಯಾರಿಗೂ ಉಸುರುವುದಿಲ್ಲ. ದಡದ ಮಾತನ್ನು ಕೇಳಿಸಿಕೊಳ್ಳುತ್ತದೆ, ತಿರುಗಿ ಆಡುವುದಿಲ್ಲ. ಯಾರ ತಾಯಿ ಸತ್ತರೂ ಮೇಲೆ ಬರುವುದಿಲ್ಲ, ಯಾರ ಮಗು ಹುಟ್ಟಿದರೂ ಬರುವುದಿಲ್ಲ. ಮಣ್ಣಿಗೆ ಹೋಗಲಾಗದ ಮೇಲೆ ತಿಳಿದು ಮಾಡುವುದೇನು ಎಂದು ಬಹುಪಾಲು ಮಂದಿ ಎರಡನೆಯ ಚೌಕಕ್ಕೇ ಗುರುತು ಹಾಕುತ್ತಾರೆ. ಆಮೇಲೆ ಸುದ್ದಿ ಬಂದರೆ ಕ್ಯಾಪ್ಟನ್ ಓದಿ ಬೀಗ ಹಾಕಿಡುತ್ತಾನೆ, ಕಾಕ್ಸನ್‌ಗೆ ಮಾತ್ರ ಹೇಳುತ್ತಾನೆ. ಮರಳುವ ದಿನ ಬೆಳಿಗ್ಗೆ ಆ ಮನುಷ್ಯನನ್ನು ಕ್ಯಾಪ್ಟನ್ನನ ಕೋಣೆಗೆ ಕರೆಯುತ್ತಾರೆ. ಅಲ್ಲಿಯ ತನಕ ಅವನು ಇಸ್ಪೀಟು ಆಡುತ್ತಾನೆ, ಜೋಕು ಹೊಡೆಯುತ್ತಾನೆ, ಸತ್ತ ತಾಯಿಯ ಹುಟ್ಟುಹಬ್ಬಕ್ಕೆ ಏನು ಕೊಡಲಿ ಎಂದು ಪಕ್ಕದವನನ್ನು ಕೇಳುತ್ತಾನೆ. ಗೊತ್ತಿರುವ ಇಬ್ಬರು ಅದನ್ನು ಕೇಳುತ್ತ ಅನ್ನ ನುಂಗಬೇಕು. ಫಿನ್ಲೇ ಇಷ್ಟು ವರ್ಷಗಳಲ್ಲಿ ಹಾಗೆ ಹತ್ತೊಂಬತ್ತು ಸಾವುಗಳನ್ನು ಎದೆಯಲ್ಲಿಟ್ಟುಕೊಂಡು ದಡಕ್ಕೆ ತಂದಿದ್ದ.

ಈ ಸಲ ಹೊರಡುವ ಮುಂಚಿನ ಭಾನುವಾರ ಅಮ್ಮನ ಮನೆಯಲ್ಲಿ ಊಟ. ಫಿನ್ಲೇಯ ಹೆಂಡತಿ ಇಶ್ಬೆಲ್ ಇದ್ದಳು, ಸ್ಯಾಂಡಿ ಇದ್ದ, ಸ್ಯಾಂಡಿಯ ಕಾಲ ಬುಡದಲ್ಲಿ ಮನೆಯ ಮುದಿ ನಾಯಿ ಇತ್ತು. ಆ ಕಾಗದದ ಮಾತು ಫಿನ್ಲೇಯೇ ತೆಗೆದ, ಬಾಯಿ ಜಾರಿ. ಎಂಬತ್ತರ ಎಫಿಗೆ ಮೊದಲೇ ಮಗನ ದೋಣಿ ಕಂಡರಾಗದು. ಅಣುಬಾಂಬು ಬೇಡವೆಂದು ನೌಕಾನೆಲೆಯ ಬಾಗಿಲಾಚೆ ಗುಡಾರ ಹಾಕಿ ಕೂತವರಿಗೆ ಶನಿವಾರ ಶನಿವಾರ ಸೂಪು ಒಯ್ದು ಕೊಡುವವಳು ಅವಳು.

"ಅಂದ್ರೆ, ನಾನು ಸತ್ರೆ ಹೇಳ್ಬೇಡಿ ಅಂತ ಬರ್ಕೊಟ್ಟಿದ್ದೀಯ?"

"ಎಲ್ರೂ ಬರ್ಕೊಡ್ತಾರಮ್ಮ. ಅದು ನಿನ್ನ ಬಗ್ಗೆ ಅಂತ ಅಲ್ಲ."

"ಮತ್ಯಾರ ಬಗ್ಗೆ? ಈ ಮನೇಲಿ ಮುಂದಿನ ಸರದಿ ಯಾರ್ದೋ? ಆ ನಾಯೀದಾ?"

ಸ್ಯಾಂಡಿ ತುಂಬಿದ ಬಾಯಲ್ಲೇ ನಕ್ಕ. "ಅಮ್ಮ ಎಲ್ಲಿ ಸಾಯ್ತಾಳೆ ಬಿಡಣ್ಣ. ಕೊನೇ ಮಾತು ತನ್ನದೇ ಆಗ್ಬೇಕಲ್ಲ, ಅದಕ್ಕೇ ನಮ್ಮನ್ನೆಲ್ಲ ಕಳಿಸಿ ಹೋಗ್ತಾಳೆ."

"ನೀನು ಬಾಯ್ಮುಚ್ಕೊಂಡು ತಿನ್ನೋ," ಎಂದು ಎಫಿ ಹಿರಿಯವನ ಕಡೆ ತಿರುಗಿದಳು. "ಹೋಗಪ್ಪ, ಹೋಗು. ವಾಪಸ್ ಬಂದಾಗ ವಿಚಾರಿಸ್ಕೋ. ಅಂಗಡೀಲಿ ಇವತ್ತು ಮೀನು ಇದ್ಯಾ ಅಂತ ಕೇಳ್ತಾರಲ್ಲ, ಹಾಗೆ ಕೇಳ್ಕೋ, ಅಮ್ಮ ಇದ್ದಾಳಾ ಅಂತ."

ಫಿನ್ಲೇಗೂ ಸಿಟ್ಟು ಬಂತು. ಎದ್ದು ಕೋಟು ಹಾಕಿಕೊಂಡು ಹೊರಟ. ದೋಣಿ ಹೊರಡಲು ಇನ್ನೂ ಮೂರು ದಿನವಿತ್ತು, ಕಾರಿನಲ್ಲಿ ಹತ್ತು ನಿಮಿಷದ ದಾರಿ. ನಾಳೆ ಹೋದರಾಯಿತು, ನಾಳೆ ಹೋದರಾಯಿತು ಎಂದುಕೊಂಡು ಹೋಗಲೇ ಇಲ್ಲ. ತಾಯಿ ಮಗ ಇಬ್ಬರದೂ ಒಂದೇ ಜಾತಿಯ ಹಟ.

ಕ್ಯಾಪ್ಟನ್ ಪೆನ್‌ರೋಸ್‌ಗೆ ಮೂವತ್ತೆಂಟು. ದೋಣಿಯೊಂದು ಅವನ ಕೈಗೆ ಬಂದದ್ದು ಇದೇ ಮೊದಲು. ದಕ್ಷಿಣದ ಕಾರ್ನ್‌ವಾಲ್ ಕಡೆಯವನು, ಓದಿದವನು, ಮೆತ್ತನೆಯ ಮನುಷ್ಯ. ಆಜ್ಞೆ ಕೊಡುವಾಗಲೂ ಕೊನೆಗೊಂದು "ದಯವಿಟ್ಟು" ಸೇರಿಸುತ್ತಿದ್ದ. ಮೊದಲ ವಾರ ಅದನ್ನು ಕೇಳಿ ಮಂದಿ ಮುಸಿಮುಸಿ ನಕ್ಕರು, ಎರಡನೆಯ ವಾರಕ್ಕೆ ಒಬ್ಬರಿಗೊಬ್ಬರು "ದಯವಿಟ್ಟು" ಎನ್ನತೊಡಗಿದರು. ಫಿನ್ಲೇಗೆ ಅವನ ಮೇಲೆ ಪ್ರೀತಿ ಹುಟ್ಟಿತು. ಹುಟ್ಟಿದ್ದನ್ನು ತೋರಿಸಿಕೊಳ್ಳಲಿಲ್ಲ.

ಮೂರನೆಯ ವಾರ ಯಂತ್ರದ ಕೋಣೆಯ ಲೂಯಿನ್ ಎಂಬವನಿಗೆ ಸಂಬಂಧಿಸಿದ ಸುದ್ದಿ ಬಂತು. ಅವನನ್ನು ಸಾಕಿ ಬೆಳೆಸಿದ ಅಜ್ಜಿ ಹೋಗಿಬಿಟ್ಟಿದ್ದಳು. ಲೂಯಿನ್ ಕೂಡ ಎರಡನೆಯ ಚೌಕದವನೇ. ಮರುದಿನವೇ ಪೆನ್‌ರೋಸ್ ಅವನನ್ನು ಓಣಿಯಲ್ಲಿ ನಿಲ್ಲಿಸಿ, ಹೇಗಿದ್ದೀರಿ, ನಿದ್ದೆ ಚೆನ್ನಾಗಿ ಬರುತ್ತಿದೆಯೇ ಎಂದು ವಿಚಾರಿಸಿದ. ಲೂಯಿನ್ ಬಿಳಿಚಿಕೊಂಡು ಫಿನ್ಲೇ ಹತ್ತಿರ ಓಡಿ ಬಂದ.

"ಕಾಕ್ಸನ್, ಕ್ಯಾಪ್ಟನ್ನು ನನ್ನ ನಿದ್ದೆ ವಿಚಾರಿಸಿದ್ರು. ಯಾಕೆ? ಮನೇಲಿ ಏನಾದ್ರೂ..."

"ಏನೂ ಇಲ್ಲ ಮಾರಾಯ. ನೀನು ಪಾಳೀಲಿ ತೂಕಡಿಸ್ತೀಯ ಅಂತ ಯಾರೋ ಚಾಡಿ ಹೇಳಿದ್ದಾರೆ. ಹೋಗು, ಮುಖ ತೊಳ್ಕೊಂಡು ಕೆಲ್ಸ ನೋಡು."

ಅವನನ್ನು ಕಳಿಸಿ ಫಿನ್ಲೇ ನೇರ ಕ್ಯಾಪ್ಟನ್ನನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. "ಸರ್, ತಪ್ಪು ತಿಳೀಬೇಡಿ. ಸುದ್ದಿ ಮುಚ್ಚಿಡೋಕೆ ಬಾಯಿ ಮುಚ್ಚಿದ್ರೆ ಸಾಲ್ದು. ಕರುಣೇನೂ ಮುಚ್ಚಿಡ್ಬೇಕು. ನೀವು ಮೆತ್ತಗಾದ್ರೆ ಅವನಿಗೆ ವಾಸನೆ ಹತ್ತುತ್ತೆ."

"ಮತ್ತೆ ನಾನು ಏನ್ಮಾಡ್ಲಿ ಕಾಕ್ಸನ್?"

"ಬೈರಿ. ಕಾರಣ ಇಲ್ದಿದ್ರೆ ಒಂದು ಹುಡುಕಿ ಬೈರಿ. ಕ್ಯಾಪ್ಟನ್ ಹತ್ರ ಬೈಸ್ಕೊಂಡವನು, ಸದ್ಯ ಮನೇಲಿ ಎಲ್ಲ ಸರಿಯಿದೆ ಅಂತ ನೆಮ್ಮದಿಯಾಗಿ ಮಲಗ್ತಾನೆ."

ಪೆನ್‌ರೋಸ್ ಅದನ್ನು ಜೇಬಿನ ಪುಸ್ತಕದಲ್ಲಿ ಬರೆದುಕೊಂಡ. ಎರಡು ದಿನ ಬಿಟ್ಟು, ಬೂಟಿನ ದಾರ ಸರಿಯಾಗಿ ಕಟ್ಟಿಲ್ಲವೆಂದು ಲೂಯಿನ್‌ಗೆ ನಡುಗುವ ದನಿಯಲ್ಲಿ ಬೈದ. ಲೂಯಿನ್ ಆ ದಿನ ಎರಡು ತಟ್ಟೆ ಪುಡಿಂಗ್ ತಿಂದ.

ವಾರಕ್ಕೊಮ್ಮೆ ಮನೆಯಿಂದ ಕಾಗದ ಬರುತ್ತದೆ. ಕಾಗದವೆಂದರೆ ನೂರಿಪ್ಪತ್ತು ಪದ, ಅದಕ್ಕಿಂತ ಒಂದೂ ಹೆಚ್ಚಿಲ್ಲ. ದಡದಲ್ಲಿ ಯಾರೋ ಕೂತು ಅದನ್ನೆಲ್ಲ ಮೊದಲು ಓದುತ್ತಾರೆ. ಕೆಟ್ಟದ್ದು ಬರೆಯಬೇಡಿ ಎಂದು ಹೆಂಡಂದಿರಿಗೆ ಹೇಳಿಯೇ ಇರುತ್ತಾರೆ, ಬರೆದರೆ ಕತ್ತರಿ ಬೀಳುತ್ತದೆ. ವರ್ಷಗಳ ಹಿಂದೆ ಫಿನ್ಲೇಯ ಎರಡನೆಯ ಮಗಳು ಹುಟ್ಟಿದ ಸುದ್ದಿ ಬಂದದ್ದೂ ಹಾಗೆಯೇ. "ಹೆಣ್ಣು. ಇಬ್ಬರೂ ಚೆನ್ನಾಗಿದ್ದೇವೆ. ಮೂಗು ನಿನ್ನದೇ, ಪಾಪ," ಎಂದು ಇಶ್ಬೆಲ್ ಬರೆದಿದ್ದಳು. ಸುಳ್ಳು ಹೇಳಿ ಗೊತ್ತಿಲ್ಲದ ಹೆಂಗಸು. ಬರೆಯಬಾರದ್ದನ್ನು ಬಿಡುತ್ತಾಳೆ, ಅಷ್ಟೇ. ಈ ಸಲವೂ ಏಳು ವಾರ ಮನೆಯ ವಿಚಾರವೆಲ್ಲ ಬಂತು. ಅತ್ತೆ ಇನ್ನೂ ಮುಖ ಊದಿಸಿಕೊಂಡಿದ್ದಾರೆ, ಸ್ಯಾಂಡಿ ಬಂದು ಹಿತ್ತಲ ಬೇಲಿ ಸರಿಮಾಡಿ ಅರ್ಧ ಕೇಕು ತಿಂದು ಹೋದ, ದೊಡ್ಡವಳು ಕಾರು ಕಲಿಯುತ್ತಿದ್ದಾಳೆ, ನಮ್ಮ ಪ್ರಾಣಕ್ಕೆ ನಾವೇ ಹೊಣೆ.

ಒಂಬತ್ತನೆಯ ವಾರದ ಶನಿವಾರ, ಬಟ್ಟೆ ಒಗೆಯುವ ಯಂತ್ರದ ಮುಂದೆ ಏಳು ಜನ ಸಾಲು ನಿಂತಿದ್ದಾಗ, ಪೆನ್‌ರೋಸ್ ಬಂದವನೇ ಗೋಡೆಯ ಪಟ್ಟಿಗೆ ಬೆರಳು ಕುಟ್ಟಿದ.

"ಕಾಕ್ಸನ್! ಇದೇನು ಪಟ್ಟಿ ಇದು? ಅಡುಗೆಯವರ ಸರದಿ ಎಲ್ಲಿ? ಇಷ್ಟು ವರ್ಷ ಇದೇ ಮಾಡ್ಕೊಂಡು ಬಂದಿದ್ದೀರಾ ನೀವು?"

ಅಡುಗೆಯವರ ಸರದಿ ಮೂರನೆಯ ಸಾಲಿನಲ್ಲಿ, ಅವನ ಬೆರಳಿನ ಕೆಳಗೇ ಇತ್ತು. ಸಾಲಿನಲ್ಲಿದ್ದವರು ತಮ್ಮ ತಮ್ಮ ಕಾಲಬೆರಳು ನೋಡಿಕೊಂಡರು. ಕಾಕ್ಸನ್‌ಗೆ ಮಂದಿಯೆದುರು ಬೈಯುವುದನ್ನು ಆ ದೋಣಿ ಕಂಡಿರಲಿಲ್ಲ. "ಸರಿ ಸರ್, ತಿದ್ದುತ್ತೀನಿ," ಎಂದ ಫಿನ್ಲೇ. ಪೆನ್‌ರೋಸ್‌ನ ಕಿವಿ ಕೆಂಪಾಗಿತ್ತು. "ದಯವಿಟ್ಟು" ಬಂದಿರಲಿಲ್ಲ. ತಿರುಗಿ ಹೊರಟವನು ಕೊಳವೆಯ ಚಕ್ರಕ್ಕೆ ಹಣೆ ಹೊಡೆದುಕೊಂಡು, ನೋವಾಯಿತೆಂದೂ ಹೇಳದೆ ಹೋದ.

ಫಿನ್ಲೇ ಅಲ್ಲೇ ನಿಂತ. ಗುರುವಿಗೇ ತಿರುಮಂತ್ರ ಎನ್ನುತ್ತಾರಲ್ಲ, ಹಾಗಾಗಿತ್ತು. ಬೈದ ಮಾತು ಪೆನ್‌ರೋಸ್‌ನದು, ಬೈಯಿಸಿದ ಬುದ್ಧಿ ತನ್ನದೇ. ಕಾರಣ ಇಲ್ಲದಿದ್ದರೆ ಒಂದು ಹುಡುಕಿ ಬೈರಿ. ಪಾಪ, ಹುಡುಕಿದ್ದ. ಕಾರಣ ಹುಡುಕುವ ಅಗತ್ಯವೇಕೆ ಬಂತು ಎಂದು ಫಿನ್ಲೇಗೆ ಹೊಳೆಯಲು ಅರೆಗಳಿಗೆ ಸಾಕಾಯಿತು.

ಹಾಸಿಗೆಗೆ ಹೋಗಿ ಪರದೆ ಎಳೆದುಕೊಂಡು ಹಿಂದಿನ ಎರಡು ಕಾಗದಗಳನ್ನು ತೆಗೆದ. ಇಶ್ಬೆಲ್ ತಾನೇ ಬರೆದವು, ಅನುಮಾನವಿಲ್ಲ. ಹೆಣ್ಣುಮಕ್ಕಳಿಬ್ಬರ ಹೆಸರೂ ಇದೆ, ಒಬ್ಬಳ ಪರೀಕ್ಷೆ, ಒಬ್ಬಳ ಹಲ್ಲುನೋವು. ಮಳೆ, ತೋಟ, ಹೊಸ ಪರದೆ. "ನಿನ್ನ ನೆನಪು ಬಹಳ ಆಗುತ್ತದೆ," ಎಂದು ಎರಡರಲ್ಲೂ ಇದೆ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಇಶ್ಬೆಲ್ ಪದ ಖರ್ಚು ಮಾಡಿ ಹಾಗೆ ಬರೆದವಳೇ ಅಲ್ಲ. ಅಮ್ಮನ ಸುದ್ದಿ ಎರಡರಲ್ಲೂ ಇಲ್ಲ. ಮುಖ ಊದಿಸಿಕೊಂಡಿದ್ದಾಳೆ ಎಂಬುದೂ ಇಲ್ಲ.

ಅಮ್ಮ ಹೋಗಿಬಿಟ್ಟಳು, ಎಂದುಕೊಂಡ ಫಿನ್ಲೇ. ಮೂರು ದಿನವಿತ್ತು, ನಾನು ಹೋಗಲಿಲ್ಲ.

ಎದ್ದು ಹೋಗಿ ಕ್ಯಾಪ್ಟನ್ನನನ್ನು ಕೇಳಬಹುದಿತ್ತು. ಕೇಳಿದರೆ ಪೆನ್‌ರೋಸ್ ಒಂದೋ ಸುಳ್ಳು ಹೇಳಬೇಕು, ಇಲ್ಲವೇ ಕಾಕ್ಸನ್ ಸಹಿ ಮಾಡಿದ ಕಾಗದವನ್ನು ಮೀರಬೇಕು. ಎರಡೂ ಆ ಮನುಷ್ಯನ ಕೈಯಲ್ಲಾಗುವ ಕೆಲಸವಲ್ಲ. ಕಾಕ್ಸನ್‌ನಿಗೇ ತಡೆದುಕೊಳ್ಳಲಾಗಲಿಲ್ಲವೆಂದು ಗೊತ್ತಾದರೆ ನಾಳೆ ನೂರಮೂವತ್ತು ಜನವೂ ಬಾಗಿಲಲ್ಲಿ ಸಾಲು ನಿಂತು ಕೇಳುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಈ ಸಲ ಪೆನ್‌ರೋಸ್ ಒಬ್ಬನೇ. ಉಳಿದವರ ಸುದ್ದಿಯಾದರೆ ಹೊರಲು ಜತೆಗೆ ಕಾಕ್ಸನ್ ಇದ್ದ. ಕಾಕ್ಸನ್‌ನ ಸುದ್ದಿಗೆ ಯಾರಿದ್ದಾರೆ? ಫಿನ್ಲೇಗೆ ಅಮ್ಮನಿಗಾಗಿ ಎಷ್ಟು ಸಂಕಟವಾಯಿತೋ ಆ ಹುಡುಗನಂಥ ಕ್ಯಾಪ್ಟನ್ನನಿಗಾಗಿಯೂ ಅಷ್ಟೇ ಆಯಿತು. ತನಗೇನೂ ಗೊತ್ತಿಲ್ಲವೆಂದು ನಟಿಸುವುದೊಂದೇ ತಾನು ಅವನಿಗೆ ಮಾಡಬಹುದಾದ ಉಪಕಾರ ಎಂದು ತೀರ್ಮಾನಿಸಿದ.

ದೋಣಿಯಲ್ಲಿ ಅಳಲು ಜಾಗವಿಲ್ಲ. ಹಾಸಿಗೆಯ ಮೇಲೊಂದು ಹಾಸಿಗೆ, ಕೆಳಗೊಂದು ಹಾಸಿಗೆ, ಪಾಯಿಖಾನೆಗೂ ಸಾಲು. ಫಿನ್ಲೇ ಅಡುಗೆಮನೆಗೆ ಹೋಗಿ, ಈರುಳ್ಳಿ ಹೆಚ್ಚಿಕೊಡುತ್ತೇನೆ ಎಂದ. ವೇಲ್ಸ್‌ನವನಾದ ಪ್ರಾಸರ್ ಒಂದು ಗಳಿಗೆ ಅವನ ಮುಖ ನೋಡಿ ಚಾಕು ಮುಂದಕ್ಕೆ ತಳ್ಳಿದ.

"ಈರುಳ್ಳಿ ಹೆಚ್ತೀನಿ ಅಂತ ತಾವಾಗೇ ಬಂದೋರನ್ನ ನಾನು ಏನೂ ಕೇಳಲ್ಲ ಕಾಕ್ಸನ್. ಹನ್ನೆರಡು ವರ್ಷದಿಂದ ನನ್ನ ಅಡುಗೆಮನೆ ಪದ್ಧತಿ ಅದು. ಆದ್ರೆ ಸಣ್ಣಗೆ ಹೆಚ್ಚಿ, ಹೋದ್ಸಲ ಬಂದವನು ಗಾಡಿ ಚಕ್ರದ ಹಾಗೆ ಹೆಚ್ಚಿಟ್ಟಿದ್ದ."

"ನಿನ್ನ ಕರಿಗೆ ಅಷ್ಟು ಮರ್ಯಾದೆ ಸಾಕು ಬಿಡು."

"ಅಳ್ತಾ ಇದ್ರೂ ನಾಲಿಗೆ ಚುರುಕಾಗೇ ಇದೆಯಲ್ಲ," ಎಂದು ಪ್ರಾಸರ್ ಬೆನ್ನು ತಿರುಗಿಸಿ ನಿಂತ. ಒಳಗೆ ಬರುವವರಿಗೆ ಕಾಕ್ಸನ್ ಕಾಣದ ಹಾಗೆ ನಿಂತ.

ದಿನಾ ಅರ್ಧ ಗಂಟೆ ಅಲ್ಲಿ ಕೂತು ಫಿನ್ಲೇ ಅಮ್ಮನ ಜತೆ ಮನಸ್ಸಿನಲ್ಲೇ ಮಾತಾಡಿದ. ಮೊದಲು ಜಗಳವಾಡಿದ. ಊಟದ ಮಧ್ಯೆ ಯಾರಾದ್ರೂ ಅಂಥ ಮಾತು ಆಡ್ತಾರೇನಮ್ಮ ಎಂದ. ಆಮೇಲೆ ಕ್ಷಮೆ ಕೇಳಿದ. ಶಾಲೆಯ ಊಟದ ಸಾಲಿನಲ್ಲಿ ತನ್ನ ತಟ್ಟೆಗೆ ಒಂದು ಚಮಚ ಹೆಚ್ಚು ಬಡಿಸದೆ, ಎಲ್ಲ ಮಕ್ಕಳಿಗಿಂತ ಕಡಿಮೆಯೇ ಬಡಿಸಿ, ಮನೆಗೆ ಹೋದ ಮೇಲೆ ಬೆಣ್ಣೆ ಹಚ್ಚಿದ ರೊಟ್ಟಿ ಕೊಡುತ್ತಿದ್ದ ಅಮ್ಮ. ನ್ಯಾಯವೆಂದರೆ ನ್ಯಾಯ ಎನ್ನುವವಳು. ಹತ್ತು ಹನ್ನೆರಡು ದಿನಗಳಲ್ಲಿ ಸಿಟ್ಟೆಲ್ಲ ಕರಗಿತು. ಹನ್ನೊಂದನೆಯ ವಾರ ಈರುಳ್ಳಿ ಚೀಲ ಖಾಲಿಯಾದಾಗ ಅಳುವುದೂ ಒಂದು ಹದಕ್ಕೆ ಬಂದು ನಿಂತಿತ್ತು. ಮಣ್ಣಿಗೆ ಹೋಗದಿದ್ದರೂ ಮಗನ ಕೆಲಸ ಮಾಡಿ ಮುಗಿಸಿದೆ ಎಂದು ಅವನಿಗೆ ಅನ್ನಿಸಿತು. ಚೆನ್ನಾಗಿಯೇ ಮುಗಿಸಿದೆ ಎಂಬ ಸಣ್ಣ ಹೆಮ್ಮೆಯೂ ಇತ್ತು, ಅದನ್ನೂ ಹೇಳಿಬಿಡಬೇಕು.

ಅತ್ತ ಪೆನ್‌ರೋಸ್‌ನ ಪಾಡು ನೋಡಲಾಗದಂತಿತ್ತು. ಹೇಳಿಕೊಟ್ಟ ಮಾತು, ಕಟ್ಟಿಕೊಟ್ಟ ಬುತ್ತಿ ಎಷ್ಟು ದಿನ? ವಾರಕ್ಕೊಂದು ಬೈಗುಳ ಹುಡುಕಿ ಹುಡುಕಿ ಅವನು ಸೋತಿದ್ದ. ಕಾಕ್ಸನ್ ಮೇಲೆ ತಪ್ಪು ಹೊರಿಸುವುದು ಸುಲಭವಲ್ಲ, ತಪ್ಪೇ ಮಾಡದ ಪ್ರಾಣಿ ಅದು. ಕೊನೆಗೆ ಫಿನ್ಲೇಯೇ ಕನಿಕರಪಟ್ಟು ಸಣ್ಣ ಸಣ್ಣ ತಪ್ಪು ಮಾಡತೊಡಗಿದ. ಒಂದು ದಿನ ಪಾಳಿಯ ಪಟ್ಟಿ ತಲೆಕೆಳಗಾಗಿ ಅಂಟಿಸಿದ. ಇನ್ನೊಂದು ದಿನ ಟೋಪಿ ಮರೆತು ಹೋದ. ಪೆನ್‌ರೋಸ್‌ನ ಮುಖದಲ್ಲಿ ಸಮಾಧಾನ ಕಂಡಿತು. "ಏನ್ ಕಾಕ್ಸನ್, ಟೋಪಿ ಎಲ್ಲಿ?" ಎಂದು ಹೆಚ್ಚು ಕಡಿಮೆ ಸಂತೋಷದಿಂದಲೇ ಗದರಿದ. ಮಂದಿ ಮಾತ್ರ, ಈ ಇಬ್ಬರ ನಡುವೆ ಏನೋ ಹಳಸಿದೆ ಎಂದು ಮಾತಾಡಿಕೊಂಡರು.

ಹನ್ನೆರಡನೆಯ ವಾರ ದಿನದ ವರದಿ ಒಪ್ಪಿಸಿ ಫಿನ್ಲೇ ಹೊರಡುವಾಗ ಪೆನ್‌ರೋಸ್ ಬಾಗಿಲಿಗೆ ಕೈ ಅಡ್ಡ ಇಟ್ಟ. ಕಣ್ಣ ಕೆಳಗೆ ಕಪ್ಪಾಗಿತ್ತು.

"ಕಾಕ್ಸನ್. ನಿಮಗೆ ನನ್ನ ಹತ್ರ ಏನಾದ್ರೂ ಕೇಳೋದಿದೆಯಾ?"

ಹೂಂ ಎಂದರೆ ಹೇಳಿಬಿಡುತ್ತಾನೆ ಎಂದು ಫಿನ್ಲೇಗೆ ಗೊತ್ತಾಯಿತು. ಕೇಳಿಬಿಡಲೇ ಎಂದು ಮಾತು ತುದಿನಾಲಿಗೆಗೆ ಬಂತು. ಯಾವ ದಿನ, ಹೇಗೆ, ಜತೆಗೆ ಯಾರಿದ್ದರು, ಅಷ್ಟಾದರೂ. ಹೇಳಿಬಿಟ್ಟರೆ ಈ ಮನುಷ್ಯ, ಮಾತು ಉಳಿಸಿಕೊಳ್ಳಲಾಗದವನು ನಾನು ಎಂದುಕೊಂಡು ಮುಂದಿನ ಇಪ್ಪತ್ತು ವರ್ಷ ದೋಣಿ ನಡೆಸಬೇಕಾಗುತ್ತದೆ.

"ಇದೆ ಸರ್," ಎಂದ ಫಿನ್ಲೇ. "ಪ್ರಾಸರ್ ಇನ್ನೆಷ್ಟು ದಿನ ಆ ಡಬ್ಬಿ ಕ್ಯಾರೆಟ್ ಹಾಕ್ತಾನೆ? ಅವನಿಗೆ ಒಂದ್ಮಾತು ಹೇಳಿ, ದಯವಿಟ್ಟು."

ಪೆನ್‌ರೋಸ್ ನಗಲು ಹೋಗಿ ಆಗದೆ ಕೈ ತೆಗೆದ.

ಮರಳುವ ದಿನ ಬಂತು. ದೋಣಿ ಇನ್ನೂ ನೀರಿನಡಿಯಲ್ಲೇ ಇತ್ತು, ಮೇಲೇಳಲು ಒಂದು ಗಂಟೆಯಿತ್ತು. ಮೊದಲು ಲೂಯಿನ್‌ನನ್ನು ಕರೆದರು. ಅಜ್ಜಿಯ ಸುದ್ದಿಯನ್ನು ಪೆನ್‌ರೋಸ್ ನೆಟ್ಟಗೆ, ಮೆಲ್ಲಗೆ ಹೇಳಿದ, ಲೂಯಿನ್‌ನ ಭುಜವನ್ನು ಫಿನ್ಲೇ ಹಿಡಿದುಕೊಂಡ. ಅವನನ್ನು ಗೆಳೆಯರ ಕೈಗೆ ಒಪ್ಪಿಸಿ ಬಂದ ಮೇಲೆ ಪೆನ್‌ರೋಸ್, "ನೀವು ಇರಿ ಕಾಕ್ಸನ್," ಎಂದ. ಬಾಗಿಲು ಹಾಕಿದ. ಕಪಾಟಿನ ಬೀಗಕ್ಕೆ ಕೀಲಿ ಹಾಕಲು ಹೋದ.

"ನೀವು ಮೊದ್ಲು ಕೂತ್ಕೊಳ್ಳಿ ಸರ್," ಎಂದ ಫಿನ್ಲೇ. "ಹೇಳೋನು ಯಾವತ್ತೂ ನಿಂತು ಹೇಳ್ಬಾರ್ದು. ಆ ಕಾಗದ ಏನೂ ಬೇಡ. ನಂಗೊತ್ತು."

"ಗೊತ್ತಾ? ಯಾವಾಗ್ನಿಂದ?"

"ಬಟ್ಟೆ ಪಟ್ಟಿ ದಿನದಿಂದ. ಚೆನ್ನಾಗೇ ಬೈದ್ರಿ. ಆದ್ರೆ ಅದು ನಾನೇ ಕಲ್ಸಿದ್ದು ನೋಡಿ."

ಪೆನ್‌ರೋಸ್ ಕೂತುಬಿಟ್ಟ. "ಐದು ವಾರ," ಎಂದ. "ಐದು ವಾರ ಗೊತ್ತಿದ್ದೂ ನೀವು... ನನ್ನನ್ನ ಕ್ಷಮಿಸಿ ಕಾಕ್ಸನ್."

"ಬಿಡಿ ಸರ್. ವಯಸ್ಸಾಗಿತ್ತು ಅವಳಿಗೆ. ಎಂಬತ್ತು. ಮಲಗಿದ್ದಲ್ಲೇ ಹೋದ್ಲಾ? ಅಷ್ಟು ಹೇಳಿ ಸಾಕು."

ಪೆನ್‌ರೋಸ್ ತಲೆಯೆತ್ತಿ ನೋಡಿದ. ಅವನ ಮುಖದ ಮೇಲಿದ್ದದ್ದು ಏನೆಂದು ಫಿನ್ಲೇಗೆ ತಿಳಿಯಲಿಲ್ಲ. ಹತ್ತೊಂಬತ್ತು ಸಲ ಈ ಕೋಣೆಯಲ್ಲಿ ನಿಂತವನಿಗೂ ಅಂಥ ಮುಖ ಹೊಸದು.

"ನಿಮ್ಮ ಅಮ್ಮ ಅಲ್ಲ," ಎಂದ ಪೆನ್‌ರೋಸ್. "ಅಮ್ಮ ಚೆನ್ನಾಗಿದ್ದಾರೆ. ನಿಮ್ಮ ತಮ್ಮ, ಕಾಕ್ಸನ್. ಸ್ಯಾಂಡಿ. ಕಾಗದ ಹಂಚ್ತಾ ಇದ್ದಾಗ, ಹೃದಯ. ಗಾಡೀನ ಪಕ್ಕಕ್ಕೆ ತಂದು ನಿಲ್ಸಿದ್ದರಂತೆ. ಬ್ರೇಕ್ ಕೂಡ ಹಾಕಿತ್ತಂತೆ."

ಫಿನ್ಲೇಯ ಬಾಯಿಂದ ಹೊರಬಿದ್ದದ್ದು ನಗು. ಅಮ್ಮ ಇದ್ದಾಳೆ! ಅದು ಎದೆಯಿಂದ ನೇರ ಎದ್ದು ಬಂದ ಸಂತೋಷ, 'ಸ್ಯಾಂಡಿ' ಎಂಬ ಹೆಸರು ಕಿವಿಯಿಂದ ಒಳಗಿಳಿಯುವ ಮೊದಲೇ ಬಂದುಬಿಟ್ಟಿತ್ತು. ಆಮೇಲೆ ಹೆಸರು ಇಳಿಯಿತು. ಅವನು ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡ. ನಾಚಿಕೆಯಾಯಿತು, ಜೀವಮಾನದಲ್ಲಿ ಯಾವತ್ತೂ ಆಗದಷ್ಟು ನಾಚಿಕೆ. ತಮ್ಮ ಸತ್ತನೆಂದು ಕೇಳಿ ನಕ್ಕ ಅಣ್ಣ.

"ನಾನು ನಗ್ಲಿಲ್ಲ ಸರ್," ಎಂದ. "ನಗು ಅಲ್ಲ ಅದು."

"ಗೊತ್ತು," ಎಂದ ಪೆನ್‌ರೋಸ್.

ಬಾಗಿಲಾಚೆ ಯಾರೋ, ಮೇಲೇಳಲು ಸಿದ್ಧ ಸರ್, ಎಂದು ಕೂಗಿ ಹೇಳಿದರು. ಮೊದಲ ಸಲ ತನ್ನ ದೋಣಿಯನ್ನು ಬೆಳಕಿಗೆ ತರುವ ಕ್ಯಾಪ್ಟನ್ ಆ ಗಳಿಗೆಗೆ ವರ್ಷಗಟ್ಟಲೆ ಕಾದಿರುತ್ತಾನೆ. ಗೋಪುರದ ಬಾಗಿಲು ತೆಗೆದು, ಎಲ್ಲರಿಗಿಂತ ಮೊದಲು ತಲೆ ಹೊರಗಿಟ್ಟು, ಹದಿನಾಲ್ಕು ವಾರದ ಮೇಲೆ ಗಾಳಿ ಕುಡಿಯುವುದು ಅವನ ಹಕ್ಕು. ಉಪನಾಯಕನೇ ಮೇಲೇಳಿಸಲಿ ಎಂದು ಪೆನ್‌ರೋಸ್ ಕೂತಲ್ಲಿಂದಲೇ ಹೇಳಿ ಕಳಿಸಿದ.

"ಹೋಗಿ ಸರ್. ಇದು ನಿಮ್ಮ ಮೊದಲ್ನೇದು," ಎಂದ ಫಿನ್ಲೇ.

"ಮೇಲೆ ನೋಡೋಕೆ ಏನಿದೆ? ಮಳೆಯಂತೆ."

ನೆಲ ವಾಲಿತು, ದೋಣಿ ಮೇಲಕ್ಕೆ ನಡೆಯಿತು. ಆ ಕೋಣೆಯಲ್ಲಿ ಇಬ್ಬರು ಕೂತರೆ ಮೊಣಕಾಲಿಗೆ ಮೊಣಕಾಲು ತಗಲುತ್ತದೆ. ಹಾಗೆಯೇ ಕೂತಿದ್ದರು. ಫಿನ್ಲೇಗೆ ಅಳು ಬರಲಿಲ್ಲ. ಇದ್ದ ಅಳುವನ್ನೆಲ್ಲ ಬದುಕಿರುವವಳಿಗೆ ಖರ್ಚು ಮಾಡಿ ಬರಿಗೈಯಲ್ಲಿ ಕೂತಿದ್ದ.

ಅಂಥ ಸುದ್ದಿ ಕೇಳಿದವರನ್ನು ಇಳಿಸಿಕೊಳ್ಳಲು ಮುಂದಾಗಿಯೇ ಒಂದು ಸಣ್ಣ ಹಡಗು ಬರುತ್ತದೆ. ಅದರ ಅಟ್ಟದ ಮೇಲೆ, ಲೂಯಿನ್‌ನ ಪಕ್ಕ ಕೂತು, ಫಿನ್ಲೇ ಜೇಬಿನಲ್ಲಿದ್ದ ಕಾಗದಗಳನ್ನು ಇನ್ನೊಮ್ಮೆ ತೆಗೆದ. ಎಂಟನೆಯ ವಾರದಿಂದ ಅಮ್ಮನ ಹೆಸರಿಲ್ಲ, ನಿಜ. ಸ್ಯಾಂಡಿಯ ಹೆಸರೂ ಇಲ್ಲ. ಒಂದರಲ್ಲೂ ಇಲ್ಲ. ನೂರು ಸಲ ಓದಿದ ಕಾಗದಗಳು. ಅವನು ಹುಡುಕಿದ್ದು ಒಂದೇ ಹೆಸರನ್ನು. ನಲವತ್ತೆರಡರ ತಮ್ಮ ಸಾಯಬಹುದೆಂದು ಯಾರು ತಾನೇ ಹುಡುಕುತ್ತಾರೆ? ಹಾಗೆಂದು ತನಗೆ ತಾನೇ ಹೇಳಿಕೊಂಡ, ಹೇಳಿಕೊಂಡರೂ ಸಮಾಧಾನವಾಗಲಿಲ್ಲ.

ಎಫಿ ಫಿನ್ಲೇಯ ಮನೆಯಲ್ಲೇ ಇದ್ದಳು, ಇಶ್ಬೆಲ್ ಕರೆದುಕೊಂಡು ಬಂದು ಇಟ್ಟುಕೊಂಡಿದ್ದಳು. ಬೆಳಗಿನಿಂದ ಕೋಟು ಕಳಚದೆ ಅಡುಗೆಮನೆಯ ಕುರ್ಚಿಯಲ್ಲಿ ಕಾಯುತ್ತಿದ್ದಳಂತೆ. ಮೈ ಅರ್ಧವಾಗಿತ್ತು. ಫಿನ್ಲೇ ಬಾಗಿಲಲ್ಲಿ ನಿಂತು ಅವಳನ್ನೇ ನೋಡಿದ. ಅವಳ ಕೈಯ ನರ, ಉಸಿರಿಗೆ ಏಳುವ ಇಳಿಯುವ ಕೋಟು, ಎಲ್ಲವನ್ನೂ ಕಣ್ತುಂಬ ನೋಡಿದ. ಹೋಗಿ ಅವಳ ಮುಂದೆ ನೆಲದ ಮೇಲೆ ಕೂತ.

"ಯಾವಾಗ ಹೇಳಿದ್ರು ನಿಂಗೆ?" ಎಂದಳು ಎಫಿ.

"ಇವತ್ತು ಬೆಳಿಗ್ಗೆ."

"ಅಲ್ಲೀ ತನಕ ಏನೂ ಗೊತ್ತೇ ಇರ್ಲಿಲ್ವಾ? ಒಂದಿಷ್ಟೂ?"

ಇರಲಿಲ್ಲ ಎಂದುಬಿಟ್ಟರೆ ಮುಗಿಯುತ್ತಿತ್ತು. ಐದು ವಾರ ನಟಿಸಿದವನಿಗೆ ಇನ್ನೊಂದು ಗಳಿಗೆ ಹೆಚ್ಚಲ್ಲ. "ಯಾರೋ ಹೋಗಿದ್ದಾರೆ ಅಂತ ಗೊತ್ತಾಗಿತ್ತು," ಎಂದ ಫಿನ್ಲೇ. "ಅದು ನೀನೇ ಅಂತ ನಾನು ಅಂದ್ಕೊಂಡಿದ್ದೆ, ಅಮ್ಮ."

"ನಾನಾ?"

"ಐದು ವಾರ."

ಒಲೆಯ ಹತ್ತಿರವಿದ್ದ ಇಶ್ಬೆಲ್ ತಿರುಗಿ ನೋಡಿದಳು. ಎಫಿ ಮಗನ ಮುಖ ನೋಡಿದಳು.

"ಅತ್ತುಬಿಟ್ಯಾ ನಂಗೋಸ್ಕರ?"

"ಹೂಂ."

"ಜಾಸ್ತಿನಾ?"

"ಜಾಸ್ತೀನೇ ಅಮ್ಮ. ಇವತ್ತು ಅವ್ರು ಹೇಳ್ದಾಗ, ನೀನಿದ್ದೀಯ ಅಂತ ಗೊತ್ತಾದಾಗ, ನಾನು ನಕ್ಬಿಟ್ಟೆ. ಸ್ಯಾಂಡಿ ಹೋದ ಅಂತ ಹೇಳ್ತಿದ್ದಾರೆ, ನಾನು ನಕ್ಕೆ."

ಎಫಿ ಎರಡೂ ಕೈ ಚಾಚಿ ಅವನ ಕೆನ್ನೆ ಹಿಡಿದುಕೊಂಡಳು, ಜ್ವರ ಬಂದ ಮಗುವಿನ ಮೈ ಮುಟ್ಟಿ ನೋಡುವಂತೆ.

"ಅವನು ಕೇಳಿದ್ರೆ ಹೊಟ್ಟೆ ಹಿಡ್ಕೊಂಡು ನಗ್ತಿದ್ದ," ಎಂದಳು. "ಸರಿ ಹೋಯ್ತು. ನನ್ನ ಪಾಲಿಂದು ಅತ್ತು ಮುಗ್ಸಿದ್ದೀಯಲ್ಲ, ನಾನು ಹೋದಾಗ ಮತ್ತೆ ಅಳೋ ಹಾಗಿಲ್ಲ. ಈಗ ಅವನಿಗೆ ಅಳು. ಆರು ವಾರದಿಂದ ನಾನೊಬ್ಬಳೇ ಅಳ್ತಾ ಇದ್ದೀನಿ ಕಣೋ, ನನ್ನ ಕೈಲಿ ಇನ್ನಾಗಲ್ಲ. ಸ್ವಲ್ಪ ನೀನೂ ಹಿಡ್ಕೋ."

ಫಿನ್ಲೇ ಅವಳ ಮಡಿಲಲ್ಲಿ ತಲೆಯಿಟ್ಟ. ಇಲ್ಲವೆಂದುಕೊಂಡಿದ್ದ ಅಳು ಅಲ್ಲಿತ್ತು. ಮನೆಯವರೆಲ್ಲ ಕೇಳಿಸಿಕೊಳ್ಳುವಷ್ಟು ಜೋರಾಗಿ, ತಮ್ಮನ ಹೆಸರು ಹಿಡಿದು ಅತ್ತ. ಎಫಿ ಅವನ ಬೆನ್ನ ಮೇಲೆ ಕೈಯಿಟ್ಟುಕೊಂಡು, ಸಾಕು ಎನ್ನದೆ, ಕುರ್ಚಿಗೆ ಒರಗಿ ಕಣ್ಣು ಮುಚ್ಚಿದಳು. ಇಶ್ಬೆಲ್ ಒಲೆ ಆರಿಸಿ ಬಂದು ಅವನ ಪಕ್ಕದಲ್ಲಿ ನೆಲದ ಮೇಲೆ ಕೂತಳು.